ಹಸುಮತಿಬೇನ್ ಮತ್ತು ನಾನು ಬೆಳೆಸಿದ ಬಳ್ಳಿ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನಗೆ ಆಗಾಗ ಫೋನ್ ಮಾಡುತ್ತಾರೆ. ಹೆಚ್ಚಿನವರು ಧಾರವಾಡದಲ್ಲೋ ಬಾಗಲಕೋಟೆಯಲ್ಲೋ ತೋಟಗಾರಿಕೆ ಓದಿದವರು. "ಸರ್, ಗುಜರಾತಿಗೆ ಹಾಕಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಏನಾದರೂ ಬದುಕುತ್ತದೆಯೇ?" ಎಂದು ಕೇಳುತ್ತಾರೆ. ಚಳಿ ನಾಡಿನ ಬಳ್ಳಿ ಕ್ಲೆಮಾಟಿಸ್ ಕೂಡ ಬದುಕುತ್ತದೆ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೋ ಏನೋ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಗದಗದವನು, ಹಿರೇಮಠ. ಕೇಂದ್ರ ಸರ್ಕಾರದ ಕಟ್ಟಡಗಳ ತೋಟ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡಿದೆ. ಅಹಮದಾಬಾದ್, ವಡೋದರಾ, ಕೊನೆಗೆ ಸೂರತ್. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಯಾರಿಗೂ ಬೇಡದ ಸಂಗತಿ. ತೋಟದ ಆಫೀಸರ್ ಎಂದರೆ ಹೂವಿನ ನಡುವೆ ಕುರ್ಚಿ ಹಾಕಿಕೊಂಡು ಕೂತಿರುವವನು ಎಂದು ನಮ್ಮ ಬೀಗರು ಕೊನೆಯತನಕ ನಂಬಿದ್ದರು. ನಿಜವಾಗಿ ನನ್ನ ಸರ್ವಿಸಿನ ಬಹುಪಾಲು ಕಳೆದದ್ದು ನೀರಿನ ಟ್ಯಾಂಕರಿಗೆ ಕಾಯುವುದರಲ್ಲಿ, ಎಂಜಿನಿಯರುಗಳ ಜೊತೆ ಜಗಳವಾಡುವುದರಲ್ಲಿ, ಸತ್ತ ಗಿಡಕ್ಕೆ ಕಾರಣ ಹೇಳುವುದರಲ್ಲಿ.

ಕಾರಣ ಹೇಳುವುದನ್ನು ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ಹಸುಮತಿಬೇನ್. ಬೇನ್ ಅಂದರೆ ಗುಜರಾತಿಯಲ್ಲಿ ಅಕ್ಕ. ಸಣ್ಣ ಆಳು, ದಪ್ಪ ಕನ್ನಡಕ, ಸೆರಗನ್ನು ಗುಜರಾತಿ ರೀತಿಯಲ್ಲಿ ಮುಂದಕ್ಕೆ ಎಳೆದು ಉಟ್ಟ ಹತ್ತಿ ಸೀರೆ. ಗಿಡದ ಹತ್ತಿರ ಹೋದರೆ ನಿಂತು ನೋಡುತ್ತಿರಲಿಲ್ಲ, ಕುಕ್ಕರಗಾಲಲ್ಲಿ ಕೂತೇ ನೋಡುತ್ತಿದ್ದರು. ನಾನು ಅಹಮದಾಬಾದಿನ ಆಫೀಸಿಗೆ ಹಾಜರಾದ ದಿನವೂ ವರಾಂಡದಲ್ಲಿ ಹಾಗೆಯೇ ಕೂತು ಒಂದು ಕುಂಡದ ಮಣ್ಣು ಕೆದಕುತ್ತಿದ್ದರು.

"ಇದು ಯಾವ ಗಿಡ ಹೇಳಿ, ಹಿರೇಮಠಭಾಯಿ."

ಕಾಲೇಜಿನ ಚಿತ್ರಗಳಲ್ಲಿ ನೋಡಿದ್ದೆ. "ಕ್ಲೆಮಾಟಿಸ್, ಮೇಡಂ. ಆದರೆ ಇದು ಚಳಿ ನಾಡಿನ ಬಳ್ಳಿ. ಇಲ್ಲಿ ಬರುವುದಿಲ್ಲ."

"ಬರುವುದಿಲ್ಲ ಅಂತ ಯಾರು ಹೇಳಿದರು?"

"ಪುಸ್ತಕದಲ್ಲಿದೆ."

"ಪುಸ್ತಕ ಬರೆದವರು ಮೇ ತಿಂಗಳಲ್ಲಿ ಅಹಮದಾಬಾದಿಗೆ ಬಂದಿದ್ದರಾ?" ಎಂದು ನಕ್ಕರು. ನಂತರ ನಗು ಬಿಟ್ಟು, "ನಿಮ್ಮ ಪುಸ್ತಕ ಹೇಳುವುದು ಸುಳ್ಳಲ್ಲ. ಹೋದ ವರ್ಷದವು ಎಲ್ಲಾ ಸತ್ತವು. ಯಾಕೆ ಸತ್ತವು ಅಂತ ಗೊತ್ತಾಗುವವರೆಗೆ ನಾನು ಇದನ್ನು ಬಿಡುವುದಿಲ್ಲ" ಎಂದರು.

ಕ್ಲೆಮಾಟಿಸ್ ನೋಡದವರಿಗೆ ಒಂದು ಮಾತು. ಇದು ತೆಳ್ಳನೆ ಬಳ್ಳಿ. ಬೆಟ್ಟದ ನರ್ಸರಿಗಳಿಂದ ಬರುವ ಮಿಶ್ರತಳಿಗಳಲ್ಲಿ ಹೂವು ಅಂಗೈಯಷ್ಟು ಅಗಲ, ನೇರಳೆ, ಗುಲಾಬಿ, ಬಿಳಿ. ಬಿಸಿಲಿಲ್ಲದಿದ್ದರೆ ಹೂ ಬಿಡುವುದಿಲ್ಲ, ಆದರೆ ಬೇರು ಕಾದರೆ ಬಳ್ಳಿ ಉಳಿಯುವುದಿಲ್ಲ. ಅಹಮದಾಬಾದಿನಲ್ಲಿ ಬಿಸಿಲಿಗೆ ಬರವಿಲ್ಲ, ತಂಪು ಮಣ್ಣನ್ನು ಮಾತ್ರ ನಾವೇ ಹುಟ್ಟಿಸಬೇಕು.

ಹಸುಮತಿಬೇನ್ ಹುಟ್ಟಿಸಿದರು. ನೀರಿನ ಮಡಕೆಯನ್ನು ಜನ ಹೇಗೆ ತಣ್ಣಗಿಡುತ್ತಾರೋ ಹಾಗೆಯೇ. ದೊಡ್ಡ ಮಣ್ಣಿನ ಕುಂಡದೊಳಗೆ ಸಣ್ಣ ಮಣ್ಣಿನ ಕುಂಡ, ನಡುವೆ ಒದ್ದೆ ಮರಳು. ಬುಡದ ಮೇಲೆ ಚಪ್ಪಟೆ ಕಲ್ಲು. ಬೆಳಗಿನ ಬಿಸಿಲು ಬೀಳುವ ಪೂರ್ವದ ಗೋಡೆ. ದೀಪಾವಳಿ ಮುಗಿದ ಮೇಲೆ ಹೊಸ ಸಸಿ ನೆಟ್ಟರು, ಅದೂ ಎಲ್ಲರೂ ನೆಡುವ ಹಾಗಲ್ಲ. ಕಾಂಡದ ಕೆಳಗಿನ ಗೆಣ್ಣುಗಳು ಪೂರ್ತಿ ಮಣ್ಣಿನೊಳಗೆ ಹೋಗುವಷ್ಟು ಆಳಕ್ಕೆ.

"ಮೇಡಂ, ಇಷ್ಟು ಆಳ ಹೂತರೆ ಕೊಳೆಯುವುದಿಲ್ಲವೇ?"

"ಬೇರೆ ಗಿಡವಾದರೆ ಕೊಳೆಯುತ್ತದೆ. ಇದು ಕೆಳಗೆ ಮೊಗ್ಗು ಬಚ್ಚಿಟ್ಟುಕೊಳ್ಳುವ ಜಾತಿ. ಮೇಲೆ ಏನೇ ಆಗಲಿ, ಕೆಳಗಿನದು ಇರಲಿ."

ಚಳಿಗಾಲ ಮುಗಿಯುವ ಹೊತ್ತಿಗೆ ಮೊದಲ ಹೂವು ಬಿರಿಯಿತು. ದಟ್ಟ ನೇರಳೆ. ಆಫೀಸಿನ ಗುಮಾಸ್ತರೆಲ್ಲ ಬಂದು ಮುಟ್ಟಿ ನೋಡಿ, ಕಾಗದದ್ದಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದರು. ಸುದ್ದಿ ಒಬ್ಬ ದೊಡ್ಡ ಅಧಿಕಾರಿಯ ಕಿವಿಗೂ ಬಿತ್ತು. ಅವರ ಬಂಗಲೆಯ ಹುಲ್ಲುಹಾಸಿನ ನಟ್ಟನಡುವೆ ಕಮಾನು ಮಾಡಿ ಅದಕ್ಕೆ ಈ ಬಳ್ಳಿ ಹಬ್ಬಿಸಬೇಕೆಂದು ಹುಕುಂ ಬಂತು, ಅದೂ ಏಪ್ರಿಲ್‌ನಲ್ಲಿ. ಆಗುವುದಿಲ್ಲ ಎಂದು ಹಸುಮತಿಬೇನ್ ವಿವರಿಸಿ ಹೇಳಿದರು. ಆ ಅಧಿಕಾರಿ ಕೇಳಲಿಲ್ಲ, ನಮ್ಮ ಕೈಯಿಂದಲೇ ನೆಡಿಸಿದರು. ಬಳ್ಳಿ ಸುಟ್ಟ ಹಪ್ಪಳದಂತಾಯಿತು. ಅಧಿಕಾರಿ ಮೀಟಿಂಗಿನಲ್ಲಿ ಎಲ್ಲರೆದುರು, "ನಿಮ್ಮ ವಿಭಾಗದವರಿಗೆ ಒಂದು ಗಿಡ ಉಳಿಸಲು ಬರುವುದಿಲ್ಲ" ಎಂದರು.

ನಾನಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಹಸುಮತಿಬೇನ್ ಎದ್ದು ನಿಂತು, ಸಿಟ್ಟಿಲ್ಲದ ದನಿಯಲ್ಲಿ, "ಸಾಹೇಬ್, ಅದೇ ಬಳ್ಳಿಯ ಜೊತೆಯದು ನಮ್ಮ ವರಾಂಡದಲ್ಲಿ ಇನ್ನೂ ಹಸಿರಾಗಿದೆ. ಚಹಾಕ್ಕೆ ಬನ್ನಿ, ತೋರಿಸುತ್ತೇನೆ" ಎಂದರು. ಆ ಮನುಷ್ಯ ನಿಜವಾಗಿಯೂ ಬಂದರು. ಚಹಾ ಕುಡಿದು, ಜೋಡಿ ಕುಂಡದ ಒದ್ದೆ ಮರಳಿಗೆ ಬೆರಳಿಟ್ಟು ನೋಡಿ, ಮನೆಗೆ ಅಂಥದೇ ಒಂದನ್ನು ಕೇಳಿ ಒಯ್ದರು. ಮೇಲಿನವರಿಗೆ ಎದುರಾಡದೆಯೂ ಸೋಲದಿರಬಹುದು ಎಂದು ನಾನು ಅವತ್ತು ನೋಡಿದೆ.

ಮುಂದೆ ಇಬ್ಬರಿಗೂ ವಡೋದರಾಕ್ಕೆ ವರ್ಗವಾಯಿತು. ಅಲ್ಲಿ ಗೋರ್ವಾ ಕಡೆ ನಮ್ಮ ನೌಕರರ ವಸತಿ ಕಾಲೊನಿಯೊಂದಿತ್ತು. ಕುಂಡದಲ್ಲಿ ಕೂಸಿನ ಹಾಗೆ ಸಾಕಿದ ಬೆಟ್ಟದ ತಳಿಯನ್ನು ಕಾಲೊನಿಗೆಲ್ಲ ಹಬ್ಬಿಸುವುದು ಸಾಧ್ಯವಿರಲಿಲ್ಲ. ಆಗ ಹಸುಮತಿಬೇನ್ ಒಂದು ಭಾನುವಾರ ನನ್ನನ್ನು ಪಾವಾಗಢ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋದರು. ಮಳೆಗಾಲ ಕಳೆದಿತ್ತು. ಬೇಲಿಯ ಮೇಲೆಲ್ಲ ನಕ್ಷತ್ರದಂಥ ಪುಟ್ಟ ಬಿಳಿ ಹೂವು ಸುರಿದಿತ್ತು. ಬೈಕ್ ನಿಲ್ಲಿಸುವ ಮೊದಲೇ ಪರಿಮಳ ಬಂತು.

"ಮೋರ್‌ವೇಲ್" ಎಂದರು. ಮೋರ್ ಅಂದರೆ ನವಿಲು, ವೇಲ್ ಅಂದರೆ ಬಳ್ಳಿ. "ನಮ್ಮ ಕಾಡಿನ ಕ್ಲೆಮಾಟಿಸ್. ಬೀಜ ಬಲಿತಾಗ ಪ್ರತಿ ಬೀಜಕ್ಕೂ ಒಂದು ರೇಷ್ಮೆ ಗರಿ ಬರುತ್ತದೆ. ನಾವು ಡಾರ್ಜಿಲಿಂಗ್ ಕಡೆಯಿಂದ ತರಿಸುತ್ತಿದ್ದೆವು, ಇದು ಇಲ್ಲೇ ಕೂತಿತ್ತು ನೋಡಿ."

ಕಡ್ಡಿ ತಂದು ಬೇರು ಬರಿಸಿದೆವು. ಹೊಸಬರು ಗಮನಿಸಬೇಕಾದ್ದು: ಬೇರೆ ಗಿಡಗಳ ಕಡ್ಡಿಯನ್ನು ಗೆಣ್ಣಿನ ಕೆಳಗೇ ಕತ್ತರಿಸುತ್ತೇವೆ, ಕ್ಲೆಮಾಟಿಸ್‌ನದನ್ನು ಎರಡು ಗೆಣ್ಣುಗಳ ನಡುವೆ ಕತ್ತರಿಸಬೇಕು. ಇದು ಗೊತ್ತಾಗುವ ಮೊದಲು ಬಹಳ ಕಡ್ಡಿ ಹಾಳು ಮಾಡಿದೆವು.

ಕಾಲೊನಿಯ ಆಟದಂಗಳದ ಪಕ್ಕ ಚಪ್ಪರ ಹಾಕಲು ಎಂಜಿನಿಯರರು ದಪ್ಪ ಕಬ್ಬಿಣದ ಪೈಪು ನಿಲ್ಲಿಸಿಕೊಟ್ಟರು. ಆನೆ ಕಟ್ಟಬಹುದಾದಷ್ಟು ಗಟ್ಟಿ. ಬಳ್ಳಿ ಮಾತ್ರ ನೆಲದಲ್ಲೇ ಹೊರಳಾಡಿತು. ಈ ಬಳ್ಳಿ ಹತ್ತುವುದು ಎಲೆಯ ತೊಟ್ಟಿನಿಂದ. ತೊಟ್ಟು ದಾರಕ್ಕೆ, ತಂತಿಗೆ, ತೆಳು ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಪೈಪನ್ನು ಅಪ್ಪಿಕೊಳ್ಳುವಷ್ಟು ಅದರ ತೋಳು ಉದ್ದವಿಲ್ಲ. ನಾವು ಪೈಪಿನಿಂದ ಪೈಪಿಗೆ ನೂಲು ಕಟ್ಟಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಪೈಪು ಎಲ್ಲಿದೆಯೆಂದೇ ಕಾಣದಾಯಿತು.

ನವರಾತ್ರಿಯ ಹೊತ್ತಿಗೆ ಚಪ್ಪರ ಬೆಳ್ಳಗಾಯಿತು. ಕಾಲೊನಿಯವರು ಕುರ್ಚಿ ತಂದು ಕೆಳಗೆ ಕೂರತೊಡಗಿದರು. ನನ್ನ ಹೆಂಡತಿ ಮಾತ್ರ, "ಏನ್ರೀ, ನಮ್ಮ ಮನ್ಯಾಗಿನ ತುಳಸಿ ಒಣಗಾಕತ್ತೈತಿ, ನೀವು ಊರ ಮಂದಿ ಬಳ್ಳಿಗೆ ನೀರು ಹೊಯ್ಕೋತ ಹೊಂಟೀರಿ" ಎನ್ನುತ್ತಿದ್ದಳು. ಆಮೇಲೆ ಅವಳೂ ಸಂಜೆಯಾದರೆ ಅಲ್ಲಿಯೇ ಕೂತಿರುತ್ತಿದ್ದಳು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ನವರಾತ್ರಿಯ ಗರಬಾ ಕುಣಿತಕ್ಕೆ ಸಿಂಗರಿಸಿಕೊಳ್ಳುವಾಗ ಕಾಲೊನಿಯ ಹುಡುಗಿಯರು ಬಳ್ಳಿ ಹರಿದು ಕೊರಳಿಗೆ, ತೋಳಿಗೆ ಸುತ್ತಿಕೊಂಡು ಕುಣಿದಿದ್ದರು. ಮಾರನೆಯ ಬೆಳಗ್ಗೆ ಬಳ್ಳಿ ತಾಕಿದಲ್ಲೆಲ್ಲ ಕೆಂಪು ಬೊಬ್ಬೆ. ಕ್ಲೆಮಾಟಿಸ್‌ನ ಹಸಿ ರಸ ಚರ್ಮವನ್ನು ಸುಡುತ್ತದೆ. ಕೆಲವು ಮಕ್ಕಳಿಗೆ ಜ್ವರವೂ ಬಂತು.

ಕಾಲೊನಿಯ ಸಭಾಂಗಣದಲ್ಲಿ ತಾಯಂದಿರೆಲ್ಲ ಸೇರಿದರು. ಎಲ್ಲರಿಗಿಂತ ಮುಂದೆ ನಯನಾಬೇನ್ ನಿಂತಿದ್ದರು. ಅವರ ಮಗಳು ಗರಬಾ ಸ್ಪರ್ಧೆಗಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳು. ಈಗ ಕೊರಳ ಸುತ್ತ ಮುಲಾಮು ಬಳಿದುಕೊಂಡು ತಾಯಿಯ ಪಕ್ಕ ಕೂತಿದ್ದಳು.

"ವಿಷದ ಬಳ್ಳಿ ತಂದು ಮಕ್ಕಳು ಆಡುವ ಜಾಗದಲ್ಲಿ ನೆಟ್ಟಿದ್ದೀರಿ. ಯಾರು ನೆಟ್ಟದ್ದು? ಹೆಸರು ಹೇಳಿ" ಎಂದು ನಯನಾಬೇನ್ ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಸುಮತಿಬೇನ್ ಎದ್ದರು. "ನಾನು, ಬೇನ್. ಆಟದಂಗಳಕ್ಕೆ ನೆರಳು ಬೇಕು, ಅಲ್ಲೇ ಹಾಕೋಣ ಅಂದವಳು ನಾನು. ಇದರ ರಸ ಉರಿಯುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಮಾಲಿಗಳಿಗೆಲ್ಲ ಕೈಗವಸು ಕೊಟ್ಟಿದ್ದೆ. ಹೂವು ಕಂಡರೆ ಹೆಣ್ಣುಮಕ್ಕಳು ಮುಡಿಯುತ್ತಾರೆ ಎಂಬುದು ಹೆಣ್ಣಾಗಿಯೂ ನನಗೆ ಹೊಳೆಯಲಿಲ್ಲ. ತಪ್ಪು ನನ್ನದು."

ಹಸುಮತಿಬೇನ್ ಅಲ್ಲಿಂದ ಹೊರಟವರು ಬೊಬ್ಬೆ ಬಂದ ಪ್ರತಿ ಮಗುವಿನ ಮನೆಗೂ ಹೋದರು. ಚರ್ಮದ ವೈದ್ಯರನ್ನು ಜೊತೆಗೆ ಕರೆದೊಯ್ದರು. ಸಂಜೆ ಕೈಗವಸು ತೊಟ್ಟು, ಮಾಲಿಗಳ ಜೊತೆ ನಿಂತು ಚಪ್ಪರದ ಬಳ್ಳಿಯನ್ನೆಲ್ಲ ಕೆಳಗಿಳಿಸಿದರು. ಅರಳಿದ ಹೂವು ರಾಶಿ ಬೀಳುತ್ತಿತ್ತು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಬೊಬ್ಬೆಗಳು ಕಲೆ ಉಳಿಸದೆ ವಾಸಿಯಾದವು. ದೀಪಾವಳಿಗೆ ಮುಂಚೆ ನಯನಾಬೇನ್ ಒಂದು ಡಬ್ಬಿಯಲ್ಲಿ ಸುಖಡಿ ಮಿಠಾಯಿ ಹಿಡಿದು ಆಫೀಸಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ತಪ್ಪು ನನ್ನದು ಅಂತ ಒಬ್ಬ ಆಫೀಸರ್ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು, ಬೇನ್. ಹಿಂದಿನ ಕಾಂಪೌಂಡ್ ಗೋಡೆ ಬೋಳಾಗಿದೆ. ಅಲ್ಲಿಗೆ ಮಕ್ಕಳು ಹೋಗುವುದಿಲ್ಲ. ಹಾಕುವುದಾದರೆ ಅಲ್ಲಿ ಹಾಕಿ. ಮಕ್ಕಳಿಗೆ ಹೇಳುವ ಕೆಲಸ ನಮ್ಮದು."

ಆ ಗೋಡೆಗೆ ಹಾಕಿದೆವು. ಅದು ಈಗಲೂ ಇದೆ ಎಂದು ಕೇಳಿದ್ದೇನೆ.

ಈ ನಡುವೆ ಕೆಲಸದ ರೀತಿಯೇ ಬದಲಾಯಿತು. ಮೊದಲು ನಮ್ಮದೇ ಮಾಲಿಗಳಿದ್ದರು, ಆಮೇಲೆ ಗುತ್ತಿಗೆಯವರು ಬಂದರು. ಅವರ ಪೈಕಿ ಒಬ್ಬ ಬಹಳ ಚುರುಕು. ಮೋರ್‌ವೇಲ್‌ ಅನ್ನು ಚಳಿಗಾಲದ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸಬೇಕೆಂದು ಹೇಳಿಕೊಟ್ಟಿದ್ದೆವು, ಅದು ಹೊಸ ಚಿಗುರಿನಲ್ಲಿ ಹೂ ಬಿಡುವ ಬಳ್ಳಿ. ಅವನು ಅದೇ ಉತ್ಸಾಹದಲ್ಲಿ ಹಸುಮತಿಬೇನ್ ಅವರ ಕುಂಡಗಳ ಬೆಟ್ಟದ ತಳಿಯನ್ನೂ ಕತ್ತರಿಸಿ ಸಾಲಾಗಿ ನಿಲ್ಲಿಸಿದ. ಅದು ಹಳೆಯ ಬಳ್ಳಿಯಲ್ಲಿ ಹೂ ಬಿಡುವ ಜಾತಿ. ಆ ವರ್ಷ ಪುಷ್ಪಪ್ರದರ್ಶನಕ್ಕೆ ನಾವು ಬರೀ ಸೇವಂತಿಗೆ ಒಯ್ದೆವು. ಬಹುಮಾನ ಅದಕ್ಕೇ ಬಂತು, ಆ ಮಾತು ಬೇರೆ. ಕತ್ತರಿ ಎತ್ತುವ ಮೊದಲು ಬಳ್ಳಿ ಹೋದ ಸಲ ಎಲ್ಲಿ ಹೂ ಬಿಟ್ಟಿತ್ತೆಂದು ನೋಡಿ. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ಹಸುಮತಿಬೇನ್ ನಿವೃತ್ತರಾಗಿ ಅಹಮದಾಬಾದಿಗೆ ಮರಳಿದರು. ನನ್ನನ್ನು ಸೂರತ್ತಿಗೆ ಹಾಕಿದರು. ವಜ್ರದ ಊರು. ಅಲ್ಲಿಯ ಗುಮಾಸ್ತರು ಹಿರೇಮಠವನ್ನು 'ಹೀರಾಭಾಯಿ' ಮಾಡಿದರು. ಹೀರಾ ಅಂದರೆ ವಜ್ರ. ನಾನು ವಜ್ರದ ವ್ಯಾಪಾರಿ ಎಂದು ತಿಳಿದು ನೆರೆಮನೆಯವರು ಮೊದಮೊದಲು ಬಹಳ ಮರ್ಯಾದೆ ಕೊಟ್ಟರು.

ನನ್ನ ಪಾಲಿಗೆ ಬಂದ ತೋಟಗಳಲ್ಲಿ ಪಾಂಡೇಸರಾದ ಹತ್ತಿರದ ಒಂದು ಕಾರ್ಮಿಕರ ಆಸ್ಪತ್ರೆಯೂ ಇತ್ತು. ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳ ನಡುವೆ ಅದು. ಮೂಳೆ ಮುರಿದವರ ವಾರ್ಡಿನ ಕಿಟಕಿಗಳು ಒಂದು ಗಿರಣಿಯ ಹಿಂಗೋಡೆಗೆ ಎದುರಾಗಿದ್ದವು. ಯಂತ್ರಕ್ಕೆ ಕೈ ಕೊಟ್ಟವರು, ಟ್ರಾಲಿಯಡಿ ಕಾಲು ಸಿಕ್ಕಿದವರು ಅಲ್ಲಿ ತಿಂಗಳುಗಟ್ಟಲೆ ಮಲಗಿರುತ್ತಿದ್ದರು. ಕಾಲಿಗೆ ತೂಕ ಕಟ್ಟಿರುವುದರಿಂದ ಮಗ್ಗುಲಾಗಲೂ ಆಗದು. ಕಾಣುವುದು ಸೂರು, ಇಲ್ಲವೇ ಮಸಿ ಹಿಡಿದ ಆ ಗೋಡೆ. ಗಿರಣಿಯ ನಾತಕ್ಕೆ ಹೆದರಿ ಗಾಜಿನ ಕಿಟಕಿಯನ್ನೂ ಮುಚ್ಚಿರುತ್ತಿದ್ದರು.

ವಾರ್ಡಿನ ರಂಜನ್ ಸಿಸ್ಟರ್ ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದರು. "ಹೀರಾಭಾಯಿ, ಗೇಟಿನ ಹತ್ತಿರ ಹೂವು ಹಾಕಿದ್ದೀರಿ. ಗೇಟಿನವರೆಗೆ ನಡೆಯಬಲ್ಲವರು ಮನೆಗೇ ಹೋಗುತ್ತಾರೆ. ನನ್ನ ಜನಕ್ಕೆ ಏನು ಹಾಕುತ್ತೀರಿ?"

ಕಿಟಕಿ ಮತ್ತು ಗಿರಣಿ ಗೋಡೆಯ ನಡುವೆ ಇದ್ದದ್ದು ಕಿರಿದಾದ ಪಟ್ಟಿ ನೆಲ. ಗಿಡದ ಬುಡಕ್ಕೆ ಇಡೀ ದಿನ ನೆರಳು, ಮೇಲಕ್ಕೆ ಹೋದರೆ ಒಳ್ಳೆಯ ಬಿಸಿಲು. ಮಕ್ಕಳು ಸುಳಿಯುವ ಕಡೆಯೂ ಅಲ್ಲ. ಮೋರ್‌ವೇಲ್‌ಗೆ ಹೇಳಿ ಮಾಡಿಸಿದ ಜಾಗ. ಆಳವಾಗಿ ನೆಟ್ಟೆ. ಗಿರಣಿಯವರು ಎಸೆಯುವ ಬಟ್ಟೆಯಂಚಿನ ಚಿಂದಿಯನ್ನು ರಂಜನ್ ಸಿಸ್ಟರ್ ತರಿಸಿಕೊಟ್ಟರು. ಕೈ ಆಡುವ ರೋಗಿಗಳು ಮಲಗಿದ್ದಲ್ಲೇ ಅದನ್ನು ತೆಳುವಾಗಿ ಹೊಸೆದು ಹಗ್ಗ ಮಾಡಿದರು. ಕೆಂಪು, ಹಳದಿ, ನೀಲಿ ಹಗ್ಗಗಳು ಕಿಟಕಿಯ ಮೇಲಿನಿಂದ ನೆಲದವರೆಗೆ ಇಳಿಬಿದ್ದವು. ಬಳ್ಳಿ ಕಿಟಕಿಯ ಅರ್ಧಕ್ಕೆ ಏರಿತು.

ಬೇಸಿಗೆಯ ನಡುವೆ ಒಂದು ಬೆಳಗ್ಗೆ ನೋಡಿದರೆ ಎಲ್ಲವೂ ಜೋತುಬಿದ್ದಿವೆ. ವಾರದೊಳಗೆ ಬುಡದವರೆಗೂ ಕಪ್ಪಾಯಿತು. ನನ್ನ ಆಗಿನ ಮೇಲಧಿಕಾರಿ ಕೆಟ್ಟವರಲ್ಲ, ಅವಸರದವರು. "ಹಿರೇಮಠ್, ಸತ್ತದ್ದು ಸತ್ತಿತು. ಕಿತ್ತು ಕಾಂಕ್ರೀಟ್ ಹಾಕಿಸಿಬಿಡೋಣ, ಆಸ್ಪತ್ರೆಯವರಿಗೂ ಸ್ಕೂಟರ್ ನಿಲ್ಲಿಸಲು ಜಾಗ ಬೇಕಂತೆ" ಎಂದರು. ಮಳೆ ಬರುವವರೆಗೆ ಬಿಡಿ ಎಂದು ಬೇಡಿಕೊಂಡೆ. ಒಪ್ಪಿದರು, ಆಮೇಲೆ ಕೇಳಬೇಡಿ ಎಂದೂ ಹೇಳಿದರು.

ಹಸುಮತಿಬೇನ್‌ಗೆ ಫೋನ್ ಮಾಡಿ ಹೇಳಿದೆ. ಅವರು ಮಾರನೆಯ ದಿನ ಬೆಳಗಿನ ರೈಲಿಗೆ ಸೂರತ್ತಿನಲ್ಲಿ ಇಳಿದರು. ಮಂಡಿ ನೋವಿಗೆ ಕೋಲು ಬಂದಿತ್ತು. ಸುಡುವ ಬಿಸಿಲು. ನೇರ ಆಸ್ಪತ್ರೆಗೆ ಹೋಗೋಣ ಎಂದರು.

ಆ ಇಕ್ಕಟ್ಟು ಪಟ್ಟಿಯಲ್ಲಿ ಕೋಲನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಕಷ್ಟಪಟ್ಟು ಕೂತರು. ಒಣ ಕಾಂಡದ ಪಕ್ಕ ಬೆರಳಿನಿಂದಲೇ ಮಣ್ಣು ಬಿಡಿಸಿದರು. ಕೆದಕುತ್ತಾ ಕೆದಕುತ್ತಾ ಒಂದು ಕಡೆ ಬೆರಳು ನಿಂತಿತು.

"ಬಗ್ಗಿ ನೋಡಿ."

ಅಕ್ಕಿಕಾಳಿನಷ್ಟು ದಪ್ಪದ, ಬಿಳಿ ಮೊಗ್ಗು. ಮಣ್ಣಿನೊಳಗೆ ಹೂತ ಗೆಣ್ಣಿನಿಂದ ಮೂಡಿತ್ತು.

"ಬೇರು ಜೀವಂತ ಇದೆ. ನೀರು ಎಲ್ಲಿಂದ ಹಾಕಿಸುತ್ತೀರಿ?"

"ಬೋರಿನಿಂದ."

ಅವರು ಮಣ್ಣಿನ ಮೇಲೆ ಕಟ್ಟಿದ್ದ ಬೆಳ್ಳಗಿನ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು ಉಗುಳಿದರು. "ಉಪ್ಪು. ಬಿಸಿಲು ಕೊಂದದ್ದಲ್ಲ, ಉಪ್ಪು ನೀರು ಕೊಂದದ್ದು."

ಒಳ್ಳೆಯ ನೀರು ಎಲ್ಲಿಂದ ತರುವುದು? ಬೇಸಿಗೆಯಲ್ಲಿ ಆಸ್ಪತ್ರೆಗೆ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುತ್ತಿತ್ತು. ಹಸುಮತಿಬೇನ್ ಎದ್ದು ನಿಂತು ಸುತ್ತ ನೋಡಿದರು. ಆಪರೇಷನ್ ಥಿಯೇಟರಿನ ಹಿಂದೆ, ಒಂದೇ ಒಂದು ಕಡೆ, ಗೋಡೆಯ ಬುಡದಲ್ಲಿ ಹುಲ್ಲು ಹಚ್ಚಗೆ ಬೆಳೆದಿತ್ತು. ಅದರ ಮೇಲೆ ಎಸಿ ಯಂತ್ರದ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಗಾಳಿಯ ತೇವ ಹಿಂಡಿದ ನೀರು, ಇದರಲ್ಲಿ ಉಪ್ಪಿಲ್ಲ" ಎಂದರು. "ಇಡೀ ದಿನ ಸುಮ್ಮನೆ ಹೋಗುತ್ತಿದೆ."

ಅಂದಿನಿಂದ ರಂಜನ್ ಸಿಸ್ಟರ್ ಆ ಕೊಳವೆಯಡಿ ಬಕೆಟ್ ಇಡಿಸಿದರು. ವಾರ್ಡಿನ ಆಯಾಗಳು ಪಾಳಿ ಮುಗಿಸಿ ಹೋಗುವಾಗ ಬಕೆಟ್ ಒಯ್ದು ಬುಡಕ್ಕೆ ಸುರಿದು ಹೋಗುತ್ತಿದ್ದರು. ನಾನು ಉಪ್ಪು ಹಿಡಿದ ಮೇಲ್ಮಣ್ಣು ತೆಗೆಸಿ, ಕಾಂಪೋಸ್ಟ್ ಹಾಕಿಸಿ, ಒಣ ಬಳ್ಳಿಯನ್ನು ನೆಲಕ್ಕೆ ಸರಿಯಾಗಿ ಕತ್ತರಿಸಿದೆ. ಮೊದಲ ಮಳೆಗೆ ಮುಂಚೆಯೇ ಚಿಗುರು ಹೊರಬಂತು. ಮೇಲಧಿಕಾರಿ ಬಂದು ನೋಡಿ, ಕಾಂಕ್ರೀಟಿನ ಮಾತೆತ್ತದೆ, ಸ್ಕೂಟರ್‌ಗಳಿಗೆ ಬೇರೆ ಜಾಗ ತೋರಿಸಿ ಹೋದರು.

ಮಳೆಗಾಲದಲ್ಲಿ ಬಳ್ಳಿ ಬಣ್ಣದ ಹಗ್ಗಗಳನ್ನು ಹಿಡಿದು ಕಿಟಕಿ ದಾಟಿ ಮಾಡಿಗೆ ಹೋಯಿತು. ಗಿರಣಿಯ ಗೋಡೆ ವಾರ್ಡಿನೊಳಗಿನಿಂದ ಕಾಣದಾಯಿತು. ನವರಾತ್ರಿ ಹತ್ತಿರವಾದಾಗ ಮೊಗ್ಗು ಬಂದಿದೆ ಎಂದು ರಂಜನ್ ಸಿಸ್ಟರ್ ಫೋನ್ ಮಾಡಿದರು. ನಾನು ಹಸುಮತಿಬೇನ್‌ಗೆ ತಿಳಿಸಿದೆ. ಈ ಸಲ ಅವರ ಮಗ ಕಾರಿನಲ್ಲಿ ಕರೆತಂದ.

ನಾವು ವಾರ್ಡಿಗೆ ಹೋದಾಗ ಬೆಳಗಿನ ಚಹಾದ ಹೊತ್ತು. ಹೊರಗೆ ಬಳ್ಳಿ ಪೂರ್ತಿ ಅರಳಿತ್ತು, ಒಳಗೆ ಕಿಟಕಿಗಳು ಎಂದಿನಂತೆ ಮುಚ್ಚಿದ್ದವು. ತುಕ್ಕು ಹಿಡಿದ ಚಿಲಕವನ್ನು ರಂಜನ್ ಸಿಸ್ಟರ್ ಎರಡೂ ಕೈಯಿಂದ ಎಳೆದರು. ನಾನು ಕೈಜೋಡಿಸಿದೆ. ಕಿಟಕಿಯ ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಗಾಳಿಯ ಜೊತೆ ಪರಿಮಳ ಒಳಗೆ ನುಗ್ಗಿತು.

ಕಿಟಕಿಯ ಪಕ್ಕದ ಮಂಚದಲ್ಲಿ ಭಗವಾನ್ ಎಂಬ ಹಿರಿಯರಿದ್ದರು. ಒಡಿಶಾದ ಗಂಜಾಂ ಕಡೆಯವರು, ಗಿರಣಿಯಲ್ಲಿ ಟ್ರಾಲಿ ಮೈಮೇಲೆ ಉರುಳಿ ತೊಡೆಯ ಮೂಳೆ ಮುರಿದಿತ್ತು. ಬಂದಾಗಿನಿಂದ ಯಾರೊಡನೆಯೂ ಹೆಚ್ಚು ಮಾತಾಡದ ಮನುಷ್ಯ ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ಅವರು ಕಣ್ಣು ಮುಚ್ಚಿ ಮಲಗಿದ್ದರು. ಮೂಗು ಅರಳಿಸಿದರು. ಕಣ್ಣು ತೆರೆಯದೆ, ಹಿಂದಿಯಲ್ಲಿ, "ಇವತ್ತು ಇಲ್ಲಿ ಯಾರ ಮದುವೆ?" ಎಂದು ಕೇಳಿದರು.

ಇಡೀ ವಾರ್ಡು ನಕ್ಕಿತು. "ನಿಮ್ಮದೇ, ಕಾಕಾ, ಏಳಿ" ಎಂದು ಆಚೆಯ ಮಂಚದಿಂದ ಯಾರೋ ಕೂಗಿದರು. ಅವರು ಕಣ್ಣು ಬಿಟ್ಟು ಕಿಟಕಿಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ತಲೆಯಡಿಗೆ ಇನ್ನೊಂದು ದಿಂಬು ಇಡಿ ಎಂದು ಸಿಸ್ಟರನ್ನು ಕೇಳಿದರು.

ದಿಂಬು ಇಟ್ಟವರು ಹಸುಮತಿಬೇನ್.